ಗೆಳತಿಯ ನಂಬರಿನಿಂದಲೇ ‘ಕೋಡ್ ಕಳಿಸಿ’ ಅಂತ ಬಂದರೆ?

ಪ್ರಶ್ನೆ: ನನಗೆ 68 ವರ್ಷ. ವಾಟ್ಸ್ಯಾಪ್ ಈಗಷ್ಟೇ ರೂಢಿಯಾಗುತ್ತಿದೆ. ಮೊನ್ನೆ ಭಜನಾ ಮಂಡಳಿಯ ಗೆಳತಿಯ ನಂಬರಿನಿಂದ ‘ತಪ್ಪಿ ನಿಮ್ಮ ಫೋನಿಗೆ ಆರು ಅಂಕಿಯ ಕೋಡ್ ಬಂದಿದೆ, ಬೇಗ ಕಳಿಸಿ’ ಎಂದು ಮೆಸೇಜ್ ಬಂತು. ನಾನು ಕಳಿಸಲಿಲ್ಲ. ಮಗ ‘ಈ ಉಸಾಬರಿಯೇ ಬೇಡಮ್ಮ, ತೆಗೆದುಹಾಕು’ ಅಂತಾನೆ. ಮೊಮ್ಮಗಳು ಅಮೆರಿಕದಲ್ಲಿದ್ದಾಳೆ. ತೆಗೆಯಲೇಬೇಕೆ?

ಉತ್ತರ: ಖಂಡಿತ ಬೇಡ. ಕೋಡ್ ಕಳಿಸದೆ ನೀವು ಮಾಡಬೇಕಾದ್ದನ್ನೇ ಮಾಡಿದ್ದೀರಿ. ಅಲ್ಲಿ ನಡೆದದ್ದೇನು ಎಂದು ಒಮ್ಮೆ ತಿಳಿದುಕೊಂಡರೆ ಅರ್ಧ ಭಯ ಅಲ್ಲೇ ಇಳಿಯುತ್ತದೆ.

ವಾಟ್ಸ್ಯಾಪ್ ಖಾತೆ ಅಂಟಿಕೊಂಡಿರುವುದು ನಿಮ್ಮ ಮೊಬೈಲ್ ನಂಬರಿಗೆ. ಯಾರಾದರೂ ಬೇರೆ ಫೋನಿನಲ್ಲಿ ವಾಟ್ಸ್ಯಾಪ್ ಹಾಕಿಕೊಂಡು ನಿಮ್ಮ ನಂಬರ್ ಒತ್ತಿದರೆ, ‘ಇದು ನಿಜವಾಗಿಯೂ ನೀವೇನಾ’ ಎಂದು ಖಚಿತಪಡಿಸಿಕೊಳ್ಳಲು ಆರಂಕಿಯ ಕೋಡ್ ನಿಮ್ಮ ಫೋನಿಗೆ ಎಸ್ಸೆಮ್ಮೆಸ್ ಆಗಿ ಬರುತ್ತದೆ. ಕಳ್ಳನ ಹತ್ತಿರ ಇಲ್ಲದಿರುವುದು ಅದೊಂದೇ. ಅದನ್ನೇ ಅವನು ಕೇಳುವುದು. ಕೇಳಿದ್ದು ಗೆಳತಿಯ ನಂಬರಿನಿಂದ ಏಕೆಂದರೆ ಅವರ ಖಾತೆ ಆಗಲೇ ಅವನ ಕೈಸೇರಿದೆ. ನೀವೂ ಕೋಡ್ ಕೊಟ್ಟಿದ್ದರೆ ನಿಮ್ಮ ಹೆಸರಿನಲ್ಲಿ ನಿಮ್ಮ ನಾದಿನಿಗೆ, ಪಕ್ಕದ ಮನೆಯವರಿಗೆ ‘ಆಸ್ಪತ್ರೆಯಲ್ಲಿದ್ದೇನೆ, ಅರ್ಜೆಂಟಾಗಿ ದುಡ್ಡು ಹಾಕಿ’ ಎಂಬ ಮೆಸೇಜ್ ಹೋಗುತ್ತಿತ್ತು.

ಹಾಗಾಗಿ ಮೊದಲು ಆ ಗೆಳತಿಗೆ ಮಾಮೂಲಿ ಫೋನ್ ಕಾಲ್ ಮಾಡಿ, ವಾಟ್ಸ್ಯಾಪ್ ಕಾಲ್ ಅಲ್ಲ. ತಮ್ಮ ಫೋನಿನ ವಾಟ್ಸ್ಯಾಪ್‌ನಲ್ಲಿ ಮತ್ತೆ ನಂಬರ್ ಹಾಕಿ, ಹೊಸದಾಗಿ ಬರುವ ಕೋಡ್ ಒತ್ತಲು ಹೇಳಿ. ಒತ್ತಿದ ಕೂಡಲೇ ಕಳ್ಳ ಹೊರಬೀಳುತ್ತಾನೆ. ಅಷ್ಟರಲ್ಲಿ ಅವನು ಆ ಖಾತೆಗೆ ತನ್ನದೊಂದು ಪಿನ್ (ಕೋಡ್ ಜೊತೆಗೆ ಕೇಳುವ ಗುಟ್ಟಿನ ಅಂಕಿ) ಹಾಕಿಟ್ಟಿದ್ದರೆ ಮಾತ್ರ ಅವರು ಒಳಹೋಗಲು 7 ದಿನ ಕಾಯಬೇಕಾಗುತ್ತದೆ. ಆ ಏಳು ದಿನ ಕಳ್ಳನಿಗೂ ಆ ಖಾತೆ ಸಿಗುವುದಿಲ್ಲ.

ಇನ್ನು ನಿಮ್ಮ ಫೋನು. ಮಗನನ್ನು ಅರ್ಧ ಗಂಟೆ ಪಕ್ಕದಲ್ಲಿ ಕೂರಿಸಿಕೊಳ್ಳಿ, ಆದರೆ ಬೆರಳು ನಿಮ್ಮದೇ ಇರಲಿ. ಅವನು ಪಟಪಟ ಒತ್ತಿ ಕೊಟ್ಟುಬಿಟ್ಟರೆ ನಿಮಗೆ ಏನೂ ಉಳಿಯುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು: ವಾಟ್ಸ್ಯಾಪ್ ಒಳಗಿನ ಸೆಟ್ಟಿಂಗ್ಸ್, ಅಕೌಂಟ್, ಟೂ-ಸ್ಟೆಪ್ ವೆರಿಫಿಕೇಶನ್, ಟರ್ನ್ ಆನ್. ಆರಂಕಿಯ ಪಿನ್ ಒಂದನ್ನು ನೀವೇ ಹಾಕಿ. ಮುಂದೆ ಯಾವತ್ತೋ ಗಡಿಬಿಡಿಯಲ್ಲಿ ಕೋಡ್ ಹೇಳಿಬಿಟ್ಟರೂ ಈ ಪಿನ್ ಇಲ್ಲದೆ ಕಳ್ಳ ಒಳಬರಲಾರ. ಹುಟ್ಟಿದ ತಾರೀಕು ಬೇಡ, ಫೋನ್‌ಪೇ, ಗೂಗಲ್‌ಪೇಯಲ್ಲಿ ದುಡ್ಡು ಕಳಿಸಲು ಒತ್ತುವ ಪಿನ್ ಅಂತೂ ಬೇಡವೇ ಬೇಡ. ಇಮೇಲ್ ಕೇಳಿದಾಗ ಕೊಡಿ, ಪಿನ್ ಮರೆತರೆ ಅದೇ ದಾರಿ. ಪಿನ್ನನ್ನು ಮನೆಯ ಲೆಕ್ಕದ ಡೈರಿಯಲ್ಲಿ ಬರೆದಿಡಿ. ಬರೆದಿಡಬಾರದು ಎನ್ನುವವರಿದ್ದಾರೆ, ನಾವು ಒಪ್ಪುವುದಿಲ್ಲ: ಎಲ್ಲೋ ಕೂತ ಕಳ್ಳನಿಗೆ ನಿಮ್ಮ ಬೀರುವಿನಲ್ಲಿರುವ ಡೈರಿ ಕಾಣುವುದಿಲ್ಲ. ಆಗಾಗ ವಾಟ್ಸ್ಯಾಪ್ ತೆರೆದಾಗ ಅದೇ ಈ ಪಿನ್ ಕೇಳುತ್ತದೆ, ಮರೆಯದಿರಲಿ ಅಂತ. ಗಾಬರಿ ಬೇಡ, ಒತ್ತಿ. ಆದರೆ ಫೋನಿನಲ್ಲೋ ಮೆಸೇಜಿನಲ್ಲೋ ಯಾರೇ ಕೇಳಿದರೂ ಹೇಳಬೇಡಿ.

ಅದೇ ಸೆಟ್ಟಿಂಗ್ಸ್‌ನ ಪ್ರೈವೆಸಿಗೆ ಹೋಗಿ ಗ್ರೂಪ್ಸ್‌ನಲ್ಲಿ ‘ಮೈ ಕಾಂಟ್ಯಾಕ್ಟ್ಸ್’ ಆರಿಸಿ. ಇಲ್ಲದಿದ್ದರೆ ಗುರುತಿಲ್ಲದವರು ಷೇರು ವ್ಯವಹಾರದ ಗುಂಪಿಗೆ ನಿಮ್ಮನ್ನು ಎಳೆದುಕೊಳ್ಳುತ್ತಾರೆ. ಅಲ್ಲಿ ‘ನನಗೆ ಇಷ್ಟು ಲಾಭ ಬಂತು’ ಎನ್ನುವವರೆಲ್ಲ ಮೋಸಗಾರರ ತಂಡದವರೇ. ಅಲ್ಲೇ ಕಾಲ್ಸ್‌ನಲ್ಲಿ ‘ಸೈಲೆನ್ಸ್ ಅನ್‌ನೋನ್ ಕಾಲರ್ಸ್’ ಇದೆ, ಅದನ್ನೂ ಆನ್ ಮಾಡಿ. ಅಪರಿಚಿತರ ವಾಟ್ಸ್ಯಾಪ್ ಕಾಲ್ ರಿಂಗಾಗುವುದಿಲ್ಲ, ಪಟ್ಟಿಯಲ್ಲಿ ಮಾತ್ರ ಕಾಣುತ್ತದೆ. ಮೊಮ್ಮಗಳು ನಂಬರ್ ಬದಲಿಸಿದರೆ ಅವಳ ಕಾಲೂ ರಿಂಗಾಗದು, ಹೊಸ ನಂಬರನ್ನು ಸೇವ್ ಮಾಡಿಕೊಳ್ಳಿ.

ಅಪರಿಚಿತರ ಆ ಕಾಲ್‌ಗಳ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ವಿಡಿಯೊದಲ್ಲಿ ಖಾಕಿ ತೊಟ್ಟವನು ‘ನಿಮ್ಮ ಆಧಾರ್ ಬಳಸಿ ಪಾರ್ಸೆಲ್‌ನಲ್ಲಿ ಡ್ರಗ್ಸ್ ಹೋಗಿದೆ, ನೀವು ಡಿಜಿಟಲ್ ಅರೆಸ್ಟ್ ಆಗಿದ್ದೀರಿ’ ಎನ್ನುತ್ತಾನೆ. ಡಿಜಿಟಲ್ ಅರೆಸ್ಟ್ ಎಂಬುದು ನಮ್ಮ ದೇಶದ ಕಾನೂನಿನಲ್ಲಿ ಇಲ್ಲವೇ ಇಲ್ಲ. ಪೊಲೀಸರಾಗಲಿ ಸಿಬಿಐ ಆಗಲಿ ವಿಡಿಯೊ ಕಾಲಿನಲ್ಲಿ ಯಾರನ್ನೂ ಬಂಧಿಸುವುದಿಲ್ಲ. ‘ಕಾಲ್ ಕಟ್ ಮಾಡಬೇಡಿ, ಮನೆಯವರಿಗೆ ಹೇಳಬೇಡಿ’ ಎಂಬ ಎರಡು ಮಾತು ಬಂತೆಂದರೆ ಮೋಸ ಎಂದೇ ತಿಳಿಯಿರಿ. ಇನ್ನೊಬ್ಬರ ದನಿ ಕಿವಿಗೆ ಬಿದ್ದರೆ ನಿಮಗೆ ಧೈರ್ಯ ಬರುತ್ತದೆ, ಮೋಸಗಾರರಿಗೆ ಬೇಡವಾದದ್ದು ಅದೇ. ಕಟ್ ಮಾಡಿ ಮಗನಿಗೋ ಪಕ್ಕದವರಿಗೋ ಹೇಳಿ.

ಮದುವೆ ಆಮಂತ್ರಣ, ಟ್ರಾಫಿಕ್ ದಂಡದ ಚಲನ್ ಎಂಬ ಹೆಸರಿನ ಫೈಲುಗಳೂ ಬರುತ್ತವೆ. ಹೆಸರಿನ ಕೊನೆಯಲ್ಲಿ ಎ, ಪಿ, ಕೆ ಎಂಬ ಮೂರು ಇಂಗ್ಲಿಷ್ ಅಕ್ಷರ ಕಂಡರೆ ಮುಟ್ಟಬೇಡಿ. ಅದು ಪತ್ರಿಕೆಯಲ್ಲ, ಆ್ಯಪ್. ಹಾಕಿಕೊಂಡು ಅದು ಕೇಳಿದ ಅನುಮತಿ ಕೊಟ್ಟರೆ, ಬ್ಯಾಂಕಿನಿಂದ ನಿಮಗೆ ಬರುವ ಒಟಿಪಿ ಕಳ್ಳನಿಗೂ ತಲುಪುತ್ತದೆ. ನಿಜವಾದ ಲಗ್ನಪತ್ರಿಕೆ ಫೋಟೊ, ಪಿಡಿಎಫ್ ಇಲ್ಲವೇ ವಿಡಿಯೊ ಆಗಿರುತ್ತದೆ.

ಇಷ್ಟಾಗಿಯೂ ದುಡ್ಡು ಹೋಯಿತೆನ್ನಿ. ಮನೆಯವರು ಬೈದಾರು ಎಂದು ಒಂದು ಗಂಟೆಯನ್ನೂ ಕಳೆಯಬೇಡಿ. ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆಮಾಡಿ, ಬ್ಯಾಂಕಿಗೂ ತಿಳಿಸಿ. ಕದ್ದ ಹಣ ಖಾತೆಯಿಂದ ಖಾತೆಗೆ ಬೇಗ ಜಿಗಿಯುತ್ತದೆ, ನಡುವೆ ಎಲ್ಲಾದರೂ ತಡೆಯಬೇಕಾದರೆ ದೂರು ಬೇಗ ಹೋಗಬೇಕು. ಹಣ ಹೋದ ಹೊತ್ತು, ಮೊತ್ತ, ಯುಪಿಐ ಆಗಿದ್ದರೆ ಅದರ 12 ಅಂಕಿಯ ರೆಫರೆನ್ಸ್ ನಂಬರ್ ಕೈಯಲ್ಲಿರಲಿ. ಮಕ್ಕಳಿಗೆ ಒಂದು ಮಾತು: ಮೋಸಹೋದ ಅಮ್ಮನನ್ನು ಆ ಹೊತ್ತಿನಲ್ಲಿ ಗದರಬೇಡಿ. ಗದರಿದರೆ ಮುಂದಿನ ಸಲ ಅವರು ನಿಮಗೆ ಹೇಳುವುದೇ ಇಲ್ಲ.

ಇನ್ನು ಖುಷಿಯ ವಿಷಯ. ಅಕ್ಷರ ಸಣ್ಣದೆನಿಸಿದರೆ ಸೆಟ್ಟಿಂಗ್ಸ್‌ನ ಚಾಟ್ಸ್‌ನಲ್ಲಿ ಫಾಂಟ್ ಸೈಜ್ ದೊಡ್ಡದು ಮಾಡಿ. ಟೈಪಿಂಗ್ ಕಷ್ಟವಾದರೆ ಮೈಕಿನ ಗುರುತು ಒತ್ತಿ ಹಿಡಿದು ಮಾತಾಡಿ, ಬೆರಳನ್ನು ಮೇಲಕ್ಕೆ ಜಾರಿಸಿದರೆ ಹಿಡಿದುಕೊಂಡೇ ಇರಬೇಕಾಗಿಲ್ಲ. ಮೊಮ್ಮಗಳಿಗೆ ನೂರು ಶುಭೋದಯದ ಚಿತ್ರಗಳಿಗಿಂತ ನಿಮ್ಮ ದನಿಯಲ್ಲಿ ಒಂದು ನಿಮಿಷದ ಕಥೆ ಹೆಚ್ಚು. ಆ ಶುಭೋದಯಗಳಿಂದಲೇ ಫೋನ್ ತುಂಬಿ ನಿಧಾನವಾಗುವುದು ಕೂಡ. ಸ್ಟೋರೇಜ್ ಆ್ಯಂಡ್ ಡೇಟಾದಲ್ಲಿ ಮೀಡಿಯಾ ಆಟೊ-ಡೌನ್‌ಲೋಡ್ ತೆಗೆದುಬಿಡಿ, ಬೇಕಾದ ಫೋಟೊವನ್ನು ಮಾತ್ರ ಮುಟ್ಟಿ ಇಳಿಸಿಕೊಳ್ಳಿ. ಗದ್ದಲದ ಗುಂಪನ್ನು ಮ್ಯೂಟ್ ಮಾಡಿ, ಮಾಡಿದ್ದು ಯಾರಿಗೂ ಗೊತ್ತಾಗುವುದಿಲ್ಲ. ಮೆಸೇಜಿನ ಮೇಲೆ ಜೋಡಿ ಬಾಣ ಇದ್ದರೆ ಅದು ಕನಿಷ್ಠ ಐದು ಕೈ ದಾಟಿ ಬಂದದ್ದು. ಅದರಲ್ಲೂ ಮದ್ದಿನ ವಿಷಯವಾದರೆ ನಿಮ್ಮ ಡಾಕ್ಟರನ್ನು ಕೇಳದೆ ಮುಂದಕ್ಕೆ ಕಳಿಸಬೇಡಿ.

ವಿಡಿಯೊ ಕಾಲಿಗೆ ವಾರಕ್ಕೊಂದು ಹೊತ್ತು ಗೊತ್ತುಮಾಡಿಕೊಳ್ಳಿ. ನಮ್ಮ ಭಾನುವಾರ ಸಂಜೆ 7 ಗಂಟೆಗೆ ಅಮೆರಿಕದ ನ್ಯೂಜೆರ್ಸಿಯ ಕಡೆಯಾದರೆ ಬೇಸಿಗೆಯಲ್ಲಿ ಬೆಳಿಗ್ಗೆ 9.30, ಚಳಿಗಾಲದಲ್ಲಿ 8.30. ಫೋನನ್ನು ಕೈಯಲ್ಲಿ ಹಿಡಿಯಬೇಡಿ, ಮೇಜಿನ ಮೇಲೆ ಸಕ್ಕರೆ ಡಬ್ಬಿಗೆ ಒರಗಿಸಿ. ದೀಪ ನಿಮ್ಮ ಮುಖದ ಎದುರಿಗಿರಲಿ, ಬೆನ್ನ ಹಿಂದಿದ್ದರೆ ಮೊಮ್ಮಗಳಿಗೆ ಅಜ್ಜಿಯ ಬದಲು ಬರೀ ಕಪ್ಪು ನೆರಳು ಕಾಣುತ್ತದೆ.