ನಕ್ಷೆಯ ಚುಕ್ಕಿಗೆ ಹೆಸರಿಟ್ಟವರು ಯಾರು?

ಮಂಡ್ಯದ ಕಾಲೇಜೊಂದರಲ್ಲಿ ಭೂಗೋಳ ಪಾಠ ಮಾಡುವವನು ನಾನು. ಹೋದ ವಾರ ಪಿಯುಸಿ ಹುಡುಗಿಯೊಬ್ಬಳು ಗೋಡೆ ನಕ್ಷೆಯಲ್ಲಿ ಆಫ್ರಿಕಾದ ತುದಿಗಿಂತ ಎಷ್ಟೋ ಕೆಳಗೆ ಬೆರಳಿಟ್ಟು, "ಸರ್, ಇದು ನೊಣ ಕೂತ ಗುರುತಾ, ದ್ವೀಪನಾ?" ಅಂದಳು. ಅದು ಬೂವೆ ದ್ವೀಪ. ಆ ನಕ್ಷೆಯಲ್ಲಿ 1 ಸೆಂ.ಮೀ. ಅಂದ್ರೆ 250 ಕಿ.ಮೀ. ಅಳತೆಗೆ ಸರಿಯಾಗಿ ಬರೆದರೆ ಬೂವೆ ಅರ್ಧ ಮಿಲಿಮೀಟರ್ ಕೂಡ ಆಗೋದಿಲ್ಲ. ಚುಕ್ಕಿಯೇ ದ್ವೀಪಕ್ಕಿಂತ ದೊಡ್ಡದು!

ನಮ್ಮ ಕಡೆ ದ್ವೀಪ ಅಂದ್ರೆ ಶ್ರೀರಂಗಪಟ್ಟಣ. ನೆಲ ಮೊದಲೇ ಇತ್ತು, ಕಾವೇರಿ ಎರಡಾಗಿ ಸುತ್ತುವರಿದಳು. ಬೂವೆ ಕಥೆ ಉಲ್ಟಾ. ಅಲ್ಲಿ ಸಮುದ್ರದ ತಳದಿಂದ ಲಾವಾ ಉಕ್ಕಿ, ಪದರದ ಮೇಲೆ ಪದರ ಕೂತು, ಕೊನೆಗೆ ಬೆಟ್ಟದ ನೆತ್ತಿ ಮಾತ್ರ ನೀರಿನಾಚೆ ಬಂದಿದೆ. ಯಾವ ಖಂಡದ ತುಂಡೂ ಅಲ್ಲ. ಅದಕ್ಕೇ ಅಷ್ಟು ಒಂಟಿ.

1739ರ ಜನವರಿ 1ರಂದು ಬೂವೆ ಎಂಬ ಫ್ರೆಂಚ್ ನಾವಿಕ ಅದನ್ನು ಕಂಡ. ಮಂಜು ಕವಿದಿತ್ತು, ಸುತ್ತು ಹಾಕಿ ನೋಡಲು ಆಗಲಿಲ್ಲ. ದಕ್ಷಿಣದ ದೊಡ್ಡ ಖಂಡದ ಮೂಗೇ ಸಿಕ್ಕಿತು ಅಂದುಕೊಂಡು, ಆ ದಿನದ ಕ್ರೈಸ್ತ ಹಬ್ಬದ ಹೆಸರನ್ನು ಭೂಶಿರಕ್ಕೆ ಇಟ್ಟ. ಅಕ್ಷಾಂಶವನ್ನು ಸೂರ್ಯನನ್ನು ನೋಡಿ ಅಳೆಯಬಹುದು. ರೇಖಾಂಶಕ್ಕೆ ನಿಖರವಾದ ಗಡಿಯಾರ ಬೇಕು, ಆಗ ಹಡಗುಗಳಲ್ಲಿ ಅದು ಇರಲಿಲ್ಲ. ಲೆಕ್ಕ ತಪ್ಪಿತು. ಮುಂದೆ ಕ್ಯಾಪ್ಟನ್ ಕುಕ್ ಹುಡುಕಿದರೂ ಸಿಗಲಿಲ್ಲ. ಮತ್ತೆ ಕಣ್ಣಿಗೆ ಬಿದ್ದದ್ದು 1808ರಲ್ಲಿ. 1825ರಲ್ಲಿ ನಾರಿಸ್ ಎಂಬ ಇಂಗ್ಲಿಷ್ ನಾವಿಕ ಬಂದು ಲಿವರ್‌ಪೂಲ್ ದ್ವೀಪ ಅಂತ ಕರೆದ. ಪಕ್ಕದಲ್ಲೇ ಥಾಂಪ್ಸನ್ ಅಂತ ಇನ್ನೊಂದು ದ್ವೀಪ ಕಂಡೆ ಎಂದೂ ಬರೆದಿಟ್ಟ. ಹತ್ತಾರು ವರ್ಷ ನಕ್ಷೆಗಳಲ್ಲಿ ಅದು ಆರಾಮಾಗಿ ಕೂತಿತ್ತು. ಅಲ್ಲಿ ಹೋಗಿ ನೋಡಿದರೆ ಬರೀ ನೀರು. ಬೂವೆ ಈಗ ನಾರ್ವೆ ದೇಶದ್ದು. ವಾಸಕ್ಕೆ ಯಾರೂ ಇಲ್ಲ.

ಕಂಡ ದಿನದ ಹೆಸರಿಡೋದು ಆಗಿನ ಚಾಳಿ. 1722ರ ಈಸ್ಟರ್ ಭಾನುವಾರ ಡಚ್ಚರು ಕಂಡದ್ದು ಈಸ್ಟರ್ ದ್ವೀಪವಾಯ್ತು. ಅಲ್ಲಿ ಆಗಲೇ ಜನ ಇದ್ದರಲ್ವಾ? ಅವರನ್ನೇ ಒಂದು ಮಾತು ಕೇಳಬಹುದಿತ್ತು. ಅವರ ವಂಶದವರು ಈಗ ತಮ್ಮ ನೆಲವನ್ನು ರಾಪಾ ನುಯಿ ಅನ್ನುತ್ತಾರೆ. ನಮ್ಮ ಅಂಡಮಾನಿನ ಜ್ವಾಲಾಮುಖಿ ದ್ವೀಪದ ಹೆಸರು ಬ್ಯಾರನ್, ಅಂದ್ರೆ ಬಂಜರು. ಸುಮ್ನೆ ದೂರದಿಂದ ನೋಡಿ ಇಟ್ಟ ಹೆಸರಿನ ಹಾಗಿದೆ.

ನನಗೆ ಜಾಸ್ತಿ ಇಷ್ಟ ದಕ್ಷಿಣ ಅಟ್ಲಾಂಟಿಕ್ ಸಾಗರದ ಟ್ರಿಸ್ಟನ್ ಡ ಕುನ್ಯಾ ದ್ವೀಪ. 1506ರಲ್ಲಿ ಕಂಡ ಪೋರ್ಚುಗೀಸ್ ನಾವಿಕನದೇ ಹೆಸರು. ಮುನ್ನೂರಕ್ಕಿಂತ ಕಡಿಮೆ ಜನ. ಹತ್ತಿರದ ಜನವಸತಿ ಸೇಂಟ್ ಹೆಲೆನಾ, ಅದೇ ಸುಮಾರು 2,400 ಕಿ.ಮೀ. ದೂರ. 1961ರಲ್ಲಿ ಊರ ಪಕ್ಕದಲ್ಲೇ ನೆಲ ಬಿರಿದು ಲಾವಾ ಬಂತು. ಎಲ್ಲರನ್ನೂ ಇಂಗ್ಲೆಂಡಿಗೆ ಸಾಗಿಸಿದರು. ಎರಡು ವರ್ಷದಲ್ಲಿ ಬಹುತೇಕ ಎಲ್ಲರೂ ವಾಪಸ್ ಬಂದರು.

ಒಳಗಿನ ಮೂಲೆಮೂಲೆಗೆ ಹೆಸರಿಟ್ಟವರು ಅಲ್ಲೇ ಬದುಕಿದವರು. ಒಂದು ಜಾಗದ ಹೆಸರು 'ಪಾದ್ರಿ ಸಾಮಾನು ಇಳಿಸಿದ ಕೆಳಗಡೆ'. ಇನ್ನೊಂದು 'ಆಡು ಹಾರಿದ ದಿಣ್ಣೆ'. ಇದನ್ನು ಹೇಳಿದಾಗ ತರಗತಿಯೇ ನಕ್ಕಿತು. "ನಮ್ಮೂರಲ್ಲೂ ಹಿಂಗೇ ಸರ್" ಅಂತ ಹಿಂದಿನ ಬೆಂಚಿನಿಂದ ಒಬ್ಬ ಕೂಗಿದ.

ಪಾಂಡವಪುರದ ಹತ್ತಿರ ನಮಗೊಂದು ಗದ್ದೆ ಇದೆ. ಅಜ್ಜಿ ಅದನ್ನು 'ಎಮ್ಮೆ ಬಿದ್ದ ಗದ್ದೆ' ಅಂತಲೇ ಕರೆಯೋದು. ಯಾರ ಎಮ್ಮೆ, ಯಾವಾಗ ಬಿತ್ತು, ಯಾರಿಗೂ ನೆನಪಿಲ್ಲ. ಪಹಣಿಯಲ್ಲಿ ಬರೀ ಸರ್ವೆ ನಂಬರ್ ಇದೆ. ಆ ನಂಬರ್ ಅಜ್ಜಿಗೆ ಇವತ್ತಿಗೂ ಗೊತ್ತಿಲ್ಲ.