ಎಚ್ಚರಿಕೆ ಬಂದಿತ್ತು, ಅಪ್ಪಣೆ ಇರಲಿಲ್ಲ

ಕಳವು ನಡೆದದ್ದು ಅಮೆರಿಕದಲ್ಲಿ, ಸುಳಿವು ಸಿಕ್ಕಿದ್ದು ಬೆಂಗಳೂರಿನಲ್ಲಿ. 2013ರ ನವೆಂಬರ್ 30ರಂದು ಟಾರ್ಗೆಟ್ ಎಂಬ ಚಿಲ್ಲರೆ ಮಾರಾಟ ಕಂಪನಿಯ ಜಾಲದೊಳಗೆ ಕುತಂತ್ರಾಂಶವೊಂದು ನುಸುಳಿದ್ದನ್ನು ಫೈರ್‌ಐ ಎಂಬ ಕಾವಲು ವ್ಯವಸ್ಥೆ ಹಿಡಿದುಹಾಕಿತು. ಹಗಲೂ ರಾತ್ರಿಯೂ ಅದರ ಮೇಲೆ ಕಣ್ಣಿಟ್ಟಿದ್ದ ಬೆಂಗಳೂರಿನ ತಂಡ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿದ್ದ ಕಂಪನಿಯ ಭದ್ರತಾ ವಿಭಾಗಕ್ಕೆ ಸುದ್ದಿ ಮುಟ್ಟಿಸಿತು. ಅಲ್ಲಿ ಅದು ನಿಂತುಹೋಯಿತು. ಡಿಸೆಂಬರ್ 12ರಂದು ಅಮೆರಿಕದ ನ್ಯಾಯ ಇಲಾಖೆಯೇ ವಿಷಯ ತಿಳಿಸಿದ ಮೇಲೆ ಕಂಪನಿ ಎಚ್ಚೆತ್ತುಕೊಂಡಿತು. ಅಷ್ಟರಲ್ಲಿ ಸುಮಾರು 4 ಕೋಟಿ ಕಾರ್ಡ್‌ಗಳ ವಿವರ ಕಳ್ಳರ ಪಾಲಾಗಿತ್ತು. ಸುಮಾರು 7 ಕೋಟಿ ಗ್ರಾಹಕರ ವೈಯಕ್ತಿಕ ಮಾಹಿತಿಯೂ ಹೋಗಿತ್ತು ಎಂಬುದು ಆಮೇಲೆ ತಿಳಿಯಿತು. ಬೆಂಗಳೂರಿನಿಂದ ಹೋದ ಎಚ್ಚರಿಕೆಯ ಕಥೆಯನ್ನು 2014ರ ಮಾರ್ಚ್‌ನಲ್ಲಿ ಬ್ಲೂಮ್‌ಬರ್ಗ್ ಬಿಸಿನೆಸ್‌ವೀಕ್ ಪತ್ರಿಕೆ ಬಯಲಿಗೆ ತಂದಿತು.

ಕಳ್ಳರ ಕೈಚಳಕವನ್ನು ತುಸು ಹತ್ತಿರದಿಂದ ನೋಡಬೇಕು. ಅವರು ಮೊದಲು ಹಿಡಿದದ್ದು ಟಾರ್ಗೆಟ್ ಅನ್ನಲ್ಲ. ಅದಕ್ಕೆ ಶೀತಲೀಕರಣ ಉಪಕರಣಗಳ ಸೇವೆ ಒದಗಿಸುತ್ತಿದ್ದ ಪೆನ್ಸಿಲ್ವೇನಿಯಾದ ಸಣ್ಣ ಗುತ್ತಿಗೆ ಕಂಪನಿಯನ್ನು. ಅಲ್ಲಿ ಕದ್ದ ಪಾಸ್‌ವರ್ಡ್ ಹಿಡಿದು ದೊಡ್ಡ ಮನೆಗೆ ಕಾಲಿಟ್ಟರು. ಬಿಲ್ಲಿಂಗ್ ಕೌಂಟರಿನಲ್ಲಿ ಗ್ರಾಹಕ ಕಾರ್ಡ್ ಉಜ್ಜಿದಾಗ ಅದರ ವಿವರ ಯಂತ್ರದ ಮೆಮೊರಿಯಲ್ಲಿ ಕ್ಷಣಕಾಲ ಗೂಢಲಿಪಿಯ ರಕ್ಷಣೆಯಿಲ್ಲದೆ ಇರುತ್ತದೆ. ಅವರ ಕುತಂತ್ರಾಂಶ ಆ ಕ್ಷಣಕ್ಕೇ ಹೊಂಚು ಹಾಕಿತ್ತು. ಮೆಮೊರಿಯನ್ನು ಜಾಲಾಡಿ, ಕಾರ್ಡ್ ಸಂಖ್ಯೆಯಂತೆ ಕಾಣುವ ಅಂಕಿಗಳ ಸಾಲನ್ನು ಹೆಕ್ಕಿ, ಕಂಪನಿಯದೇ ಇನ್ನೊಂದು ಸರ್ವರಿನಲ್ಲಿ ಪೇರಿಸಿ, ಅಲ್ಲಿಂದ ಹೊರಗೆ ಸಾಗಿಸುತ್ತಿತ್ತು. ಅದೂ ಹಗಲಿನ ಕೆಲಸದ ಹೊತ್ತಿನಲ್ಲಿ, ಉಳಿದ ದತ್ತಾಂಶದ ಗದ್ದಲದ ನಡುವೆ ಯಾರ ಕಣ್ಣಿಗೂ ಬೀಳದಂತೆ.

ಇದೇನೂ ಅನಿರೀಕ್ಷಿತ ದಾಳಿಯಾಗಿರಲಿಲ್ಲ. ಇಂಥ ಕುತಂತ್ರಾಂಶ ಅಂಗಡಿಗಳಿಗೆ ಗುರಿಯಿಟ್ಟಿದೆ ಎಂದು ಕಾರ್ಡ್ ಪಾವತಿ ಜಾಲ ನಡೆಸುವ ವೀಸಾ ಕಂಪನಿ ಅದೇ ವರ್ಷದ ಏಪ್ರಿಲ್ ಮತ್ತು ಆಗಸ್ಟ್‌ನಲ್ಲಿ ಎರಡು ಬಾರಿ ಎಚ್ಚರಿಸಿತ್ತು. ಹೀಗೆ ದಾಳಿಕೋರರು ಯಾರು, ಅವರ ಗುರಿ ಏನು, ಯಾವ ಹತಾರು ಬಳಸುತ್ತಾರೆ ಎಂಬುದನ್ನು ಮುಂಚಿತವಾಗಿ ಕಲೆಹಾಕಿ ಹಂಚುವ ವಿದ್ಯೆಗೆ ಥ್ರೆಟ್ ಇಂಟೆಲಿಜೆನ್ಸ್ ಎನ್ನುತ್ತಾರೆ. ಅದರಲ್ಲಿ ಎಲ್ಲ ಸುಳಿವಿಗೂ ಒಂದೇ ತೂಕವಿಲ್ಲ. ದುಷ್ಟ ಫೈಲಿನ ಬೆರಳಚ್ಚಿನಂತಿರುವ ಹ್ಯಾಶ್ ಸಂಖ್ಯೆ ಇಂದು ಸಿಕ್ಕರೆ, ಕಳ್ಳನು ಫೈಲಿನ ಒಂದಕ್ಷರ ಬದಲಿಸಿ ನಾಳೆ ಅದನ್ನು ನಿರುಪಯುಕ್ತ ಮಾಡುತ್ತಾನೆ. ಜಾಲದಲ್ಲಿ ಕಂಪ್ಯೂಟರನ್ನು ಗುರುತಿಸುವ ಐಪಿ ವಿಳಾಸ ಬದಲಿಸುವುದೂ ಸುಲಭವೇ. ಆದರೆ ಕಳ್ಳತನದ ಪದ್ಧತಿಯನ್ನೇ ಬದಲಿಸುವುದು ಅವನಿಗೂ ಕಷ್ಟ, ಖರ್ಚಿನ ಬಾಬತ್ತು. ಹಾಗಾಗಿ ‘ಈ ಐಪಿಯನ್ನು ತಡೆಯಿರಿ’ ಎಂಬ ಸಾವಿರ ಸಾಲುಗಳಿಗಿಂತ ‘ಬಿಲ್ಲಿಂಗ್ ಯಂತ್ರವೊಂದು ತನಗೆ ಸಂಬಂಧವಿಲ್ಲದ ಸರ್ವರಿಗೆ ಫೈಲು ಕಳಿಸಿದರೆ ಅನುಮಾನಿಸಿ’ ಎಂಬ ಒಂದು ಸಾಲು ಬೆಲೆಯುಳ್ಳದ್ದು. ಮಾರುಕಟ್ಟೆಯಲ್ಲಿ ಮಾತ್ರ ಸಾವಿರ ಸಾಲಿನ ಪಟ್ಟಿಗೇ ಗಿರಾಕಿ ಹೆಚ್ಚು.

ಹಾಗಾದರೆ ಮಿನಿಯಾಪೊಲಿಸ್‌ನವರು ಸುಮ್ಮನೆ ಕೂತದ್ದೇಕೆ? ಅವರನ್ನು ಬೈಯುವುದು ಸುಲಭ. ದೊಡ್ಡ ಸಂಸ್ಥೆಯೊಂದರ ಭದ್ರತಾ ಪರದೆಯ ಮೇಲೆ ದಿನವಿಡೀ ಎಚ್ಚರಿಕೆಗಳು ಸುರಿಯುತ್ತಲೇ ಇರುತ್ತವೆ, ಬಹುಪಾಲು ಹುಸಿ. ‘ತೋಳ ಬಂತು ತೋಳ’ ಎಂದು ಗಳಿಗೆಗೊಮ್ಮೆ ಕೇಳಿದವನು ನಿಜವಾದ ತೋಳಕ್ಕೂ ತಲೆ ಎತ್ತುವುದಿಲ್ಲ. ಆ ಚಟುವಟಿಕೆಯನ್ನು ಪರಿಶೀಲಿಸಿ, ತಕ್ಷಣದ ಕ್ರಮ ಬೇಕಿಲ್ಲವೆಂದು ತಂಡ ತೀರ್ಮಾನಿಸಿತ್ತು ಎಂದು ಕಂಪನಿಯೇ ಆಮೇಲೆ ಹೇಳಿತು. ನನ್ನನ್ನು ಕಾಡುವುದು ಇನ್ನೊಂದು ಸಂಗತಿ. ಕುತಂತ್ರಾಂಶ ಕಂಡೊಡನೆ ತಾನೇ ಅಳಿಸಿಹಾಕುವ ಸೌಲಭ್ಯ ಫೈರ್‌ಐಯಲ್ಲಿ ಇತ್ತು. ವರದಿಯ ಪ್ರಕಾರ ಅದನ್ನು ಬೇಕೆಂದೇ ನಿಲ್ಲಿಸಿಡಲಾಗಿತ್ತು. ಇದು ಅಪರೂಪವೂ ಅಲ್ಲ; ಕೊನೆಯ ತೀರ್ಮಾನ ಮನುಷ್ಯರದ್ದೇ ಆಗಿರಲಿ ಎಂದು ಭದ್ರತಾ ತಂಡಗಳು ಬಯಸುತ್ತವೆ. ಆದರೆ ಆ ಮನುಷ್ಯ ಯಾರು, ಎಷ್ಟು ಹೊತ್ತಿನೊಳಗೆ ತೀರ್ಮಾನಿಸಬೇಕು ಎಂಬುದನ್ನು ಬರೆದಿಡದಿದ್ದರೆ ಕೊನೆಯ ತೀರ್ಮಾನ ಯಾರದ್ದೂ ಆಗುವುದಿಲ್ಲ. ಸ್ವಯಂಚಾಲನೆಯನ್ನು ನಾವು ಯಂತ್ರದ ವೇಗವೆಂದು ಭಾವಿಸುತ್ತೇವೆ. ನನ್ನ ಮಟ್ಟಿಗೆ ಅದು ಮುಂಗಡವಾಗಿ ಕೊಟ್ಟ ಅಪ್ಪಣೆ.

ಅಪ್ಪಣೆ ಸರಿಯಾಗಿದ್ದಲ್ಲಿ ಕೆಲಸ ಹೇಗೆ ಸಾಗುತ್ತದೆ ನೋಡಿ. ಅನುಮಾನಾಸ್ಪದ ಇಮೇಲ್ ಬಂದಿದೆಯೆಂದು ಗುಮಾಸ್ತರೊಬ್ಬರು ಗುಂಡಿ ಒತ್ತುತ್ತಾರೆ. ತಂತ್ರಾಂಶ ಅದರೊಳಗಿನ ಲಿಂಕನ್ನು ಬಿಡಿಸಿ, ಹೊರಗಿನಿಂದ ಬಂದ ಸುಳಿವುಗಳೊಂದಿಗೆ ತಾಳೆ ನೋಡುತ್ತದೆ. ಕೆಟ್ಟದ್ದೆಂದು ಖಚಿತವಾದರೆ ಅದೇ ಪತ್ರವನ್ನು ಉಳಿದವರ ಪೆಟ್ಟಿಗೆಗಳಿಂದ ಹಿಂದೆಗೆದು, ಲಿಂಕ್ ಒತ್ತಿಬಿಟ್ಟವರ ಪಾಸ್‌ವರ್ಡ್ ರದ್ದುಮಾಡಿ, ನಡೆದದ್ದನ್ನೆಲ್ಲ ಕಡತಕ್ಕೆ ಸೇರಿಸುತ್ತದೆ. ಕೈಯಲ್ಲಿ ಮಾಡಿದರೆ ಅರ್ಧ ದಿನ ತಿನ್ನುವ ಕೆಲಸ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ. ತಪ್ಪಾದರೂ ಪತ್ರವನ್ನು ಮರಳಿ ಪೆಟ್ಟಿಗೆಗೆ ಹಾಕಬಹುದು.

ಹಿಂದಿರುಗಿಸಲಾಗದ ಅಪ್ಪಣೆಯ ಕಥೆ ಬೇರೆ. 2024ರ ಜುಲೈ 19ರಂದು ಭದ್ರತಾ ತಂತ್ರಾಂಶ ಮಾರುವ ಕ್ರೌಡ್‌ಸ್ಟ್ರೈಕ್ ಕಂಪನಿ ಹೊಸ ದಾಳಿವಿಧಾನವೊಂದನ್ನು ಗುರುತಿಸಲು ತನ್ನ ಗ್ರಾಹಕರಿಗೆ ಪುಟ್ಟ ಫೈಲೊಂದನ್ನು ಕಳಿಸಿತು. ಅಂದರೆ ಅದೂ ಸ್ವಯಂಚಾಲಿತವಾಗಿ ಹಂಚಿದ ಥ್ರೆಟ್ ಇಂಟೆಲಿಜೆನ್ಸ್. ತಂತ್ರಾಂಶ 20 ಮಾಹಿತಿ ಅಂಶಗಳನ್ನು ಮಾತ್ರ ಕೊಡುತ್ತಿದ್ದಾಗ ಆ ಫೈಲಿನಲ್ಲಿದ್ದ ಹೊಸ ನಿಯಮ 21ನೆಯದನ್ನು ಕೇಳಿತು, ವಿಂಡೋಸ್ ಕುಸಿದುಬಿತ್ತು. ಭಾರತೀಯ ಕಾಲಮಾನ ಬೆಳಿಗ್ಗೆ 9.39ಕ್ಕೆ ಹೊರಟ ಫೈಲನ್ನು 10.57ಕ್ಕೆ ಹಿಂತೆಗೆದುಕೊಂಡರೂ, ಮೈಕ್ರೋಸಾಫ್ಟ್ ಲೆಕ್ಕದಂತೆ ಸುಮಾರು 85 ಲಕ್ಷ ಕಂಪ್ಯೂಟರುಗಳು ಅಷ್ಟರಲ್ಲೇ ನೆಲಕಚ್ಚಿದ್ದವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸ್‌ಗಳನ್ನು ಕೈಯಲ್ಲಿ ಬರೆದುಕೊಟ್ಟರು. ಬಿದ್ದ ಕಂಪ್ಯೂಟರುಗಳಲ್ಲಿ ಅನೇಕವನ್ನು ಸಿಬ್ಬಂದಿ ಒಂದೊಂದಾಗಿ ಕೂತು ಎಬ್ಬಿಸಬೇಕಾಯಿತು. ಇಂಥ ಫೈಲುಗಳನ್ನು ಎಲ್ಲರಿಗೂ ಒಮ್ಮೆಲೇ ಕಳಿಸದೆ ಹಂತಹಂತವಾಗಿ ಹಂಚುವ ಕ್ರಮಕ್ಕೆ ಕಂಪನಿ ಬದಲಾದದ್ದು ಆಮೇಲೆ.

ಆದ್ದರಿಂದ ದುಬಾರಿ ತಂತ್ರಾಂಶ ಕೊಳ್ಳುವ ಮುನ್ನ ಮಾಡಬೇಕಾದ ಕಾಗದದ ಕೆಲಸವೊಂದಿದೆ. ಸಹಕಾರಿ ಬ್ಯಾಂಕ್ ಆಗಲಿ, ಆಸ್ಪತ್ರೆಯಾಗಲಿ, ಯಾವ ಕ್ರಮವನ್ನು ಯಂತ್ರ ಕೇಳದೆ ಕೈಗೊಳ್ಳಬಹುದು ಎಂದು ಪಟ್ಟಿ ಮಾಡಬೇಕು. ಒಂದು ಮೇಜಿನ ಕಂಪ್ಯೂಟರನ್ನು ಜಾಲದಿಂದ ಬೇರ್ಪಡಿಸಲು ಯಾರನ್ನೂ ಕೇಳಬೇಕಿಲ್ಲ. ಮುಖ್ಯ ಸರ್ವರನ್ನು ನಿಲ್ಲಿಸಲು ಕೇಳಲೇಬೇಕು. ಭಾರತದಲ್ಲಿ ಸೈಬರ್ ದಾಳಿಗಳ ಉಸ್ತುವಾರಿ ನೋಡುವ ಸರ್ಕಾರಿ ಸಂಸ್ಥೆ ಸರ್ಟ್-ಇನ್ ಎಚ್ಚರಿಕೆಯ ಸೂಚನೆಗಳನ್ನು ಪುಕ್ಕಟೆಯಾಗಿಯೇ ಪ್ರಕಟಿಸುತ್ತದೆ. ಅದರ 2022ರ ಏಪ್ರಿಲ್ ನಿರ್ದೇಶನದಂತೆ ದಾಳಿ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು, 180 ದಿನಗಳ ಲಾಗ್‌ಗಳನ್ನು, ಅಂದರೆ ಕಂಪ್ಯೂಟರುಗಳಲ್ಲಿ ನಡೆದದ್ದರ ದಾಖಲೆಗಳನ್ನು, ಕಾಯ್ದಿಡಬೇಕು. ಆ 6 ಗಂಟೆ ಭಾನುವಾರ ನಸುಕಿನಲ್ಲೂ ಶುರುವಾಗಬಹುದು. ಪಟ್ಟಿಯ ‘ಕೇಳಲೇಬೇಕು’ ಎಂಬ ಪ್ರತಿ ಸಾಲಿನ ಎದುರೂ ಒಬ್ಬರ ಹೆಸರು, ಅವರು ಸಿಗದಿದ್ದರೆ ಇನ್ನೊಬ್ಬರ ಹೆಸರು, ಇಬ್ಬರ ಮೊಬೈಲ್ ಸಂಖ್ಯೆಯೂ ಇರಲಿ.