ಎಲ್-ಫಂಕ್ಷನ್: ರೆಪ್ರೆಸೆಂಟೇಶನ್ ಗುರುತು ಸಿಗುವುದು ಹೇಗೆ?

ಎಲ್-ಫಂಕ್ಷನ್ (ಅವಿಭಾಜ್ಯ ಸಂಖ್ಯೆಗಳ ಮಾಹಿತಿ ಅಡಗಿರುವ ಒಂದು ಬಗೆಯ ಅನಂತ ಸರಣಿ) ಅಂದ ಕೂಡಲೇ ಹೆಚ್ಚಿನವರು ಜರ್ಮನಿಯ ಹೆಸರುಗಳನ್ನು ಎತ್ತುತ್ತಾರೆ. ಕಾಸರಗೋಡಿನವರಾದ ನಾವು ಅಷ್ಟು ದೂರ ಹೋಗಬೇಕಾಗಿಲ್ಲ. 1 − 1/3 + 1/5 − 1/7 ಎಂದು ಮುಂದುವರಿಸಿದರೆ ಪೈಯ ಕಾಲುಭಾಗ ಬರುತ್ತದೆ. ಇದು ಕೇರಳದ್ದೇ ಆದ ಸಂಗಮಗ್ರಾಮದ ಗಣಿತಜ್ಞ ಮಾಧವನ ಸರಣಿ, ಆರುನೂರು ವರ್ಷದಷ್ಟು ಹಳೆಯದು. ಜ್ಯೇಷ್ಠದೇವ 16ನೇ ಶತಮಾನದಲ್ಲಿ ಇದು ಯಾಕೆ ಸರಿ ಎಂಬ ಸಾಧನೆಯನ್ನು ಮಲಯಾಳದಲ್ಲೇ ಬರೆದಿಟ್ಟಿದ್ದಾನೆ. ಇವತ್ತಿನ ಲೆಕ್ಕದಲ್ಲಿ ಇದೊಂದು ಎಲ್-ಫಂಕ್ಷನ್‌ನ ಬೆಲೆ.

ಈ ಮೊತ್ತವನ್ನು ಗುಣಾಕಾರವಾಗಿಯೂ ಬರೆಯಬಹುದು: 3/4 × 5/4 × 7/8 × 11/12 × 13/12… 2ನ್ನು ಬಿಟ್ಟು ಒಂದೊಂದು ಅವಿಭಾಜ್ಯ ಸಂಖ್ಯೆಗೆ ಒಂದೊಂದು ತುಂಡು. ಛೇದ ನೋಡಿ. 5 ಮತ್ತು 13ಕ್ಕೆ ಒಂದು ಕಮ್ಮಿ, 3, 7, 11ಕ್ಕೆ ಒಂದು ಜಾಸ್ತಿ. ನಾಲ್ಕರಿಂದ ಭಾಗಿಸಿದಾಗ 1 ಉಳಿದರೆ ಪ್ಲಸ್, 3 ಉಳಿದರೆ ಮೈನಸ್. ಪ್ಲಸ್ ಗುಂಪಿನವು ಎರಡು ವರ್ಗಗಳ ಮೊತ್ತ: 5 = 1 + 4, 13 = 4 + 9. 7ನ್ನು ಹಾಗೆ ಒಡೆಯಲು ಎಷ್ಟು ತಿಣುಕಿದರೂ ಆಗದು. ಪ್ರತಿ ಸಂಖ್ಯೆಯ ಜಾಗದಲ್ಲಿ ಅದರ s ಘಾತ ಹಾಕಿದರೆ 1837ರಲ್ಲಿ ಜರ್ಮನಿಯ ಗಣಿತಜ್ಞ ಡಿರಿಕ್ಲೆ ಬಳಸಿದಂಥ ಎಲ್-ಫಂಕ್ಷನ್ ಸಿಗುತ್ತದೆ.

ಇನ್ನು ರೆಪ್ರೆಸೆಂಟೇಶನ್. ಗ್ರೂಪ್ ಅಂದರೆ ತಮ್ಮೊಳಗೇ ಗುಣಿಸಬಹುದಾದ, ಆ ಗುಣಾಕಾರವನ್ನು ಹಿಂದಕ್ಕೂ ತಿರುಗಿಸಬಹುದಾದ ವಸ್ತುಗಳ ಕೂಟ; ಮ್ಯಾಟ್ರಿಕ್ಸ್ ಅಂದರೆ ಸಂಖ್ಯೆಗಳ ಚೌಕ. ಒಂದು ಗ್ರೂಪಿನ ಪ್ರತಿ ಸದಸ್ಯನಿಗೂ ಒಂದು ಮ್ಯಾಟ್ರಿಕ್ಸ್ ಕೊಡಬೇಕು, ಗುಣಾಕಾರ ಕೆಡಬಾರದು, ಅಷ್ಟೇ. ಮೇಲಿನ ಪ್ಲಸ್-ಮೈನಸ್ ಸುಮ್ನೆ 1×1 ಮ್ಯಾಟ್ರಿಕ್ಸ್. ದೊಡ್ಡದಕ್ಕೆ ರಾಮಾನುಜನ್ 1916ರಲ್ಲಿ ಕೊಟ್ಟ, ಪ್ರತಿ ಸಂಖ್ಯೆಗೂ ಒಂದು ಪೂರ್ಣಾಂಕ ಕೊಡುವ ಟೌ ಫಂಕ್ಷನ್ ನೋಡಿ; ಅದರ ಬೆಲೆಗಳಿಂದಲೂ ಒಂದು ಎಲ್-ಫಂಕ್ಷನ್ ಕಟ್ಟಬಹುದು. ಅದರ ಬೆಲೆ 2ಕ್ಕೆ −24, 3ಕ್ಕೆ 252. ಇವೆರಡನ್ನು ಗುಣಿಸಿದರೆ 6ರ ಬೆಲೆ, −6048. ಇದರ ಹಿಂದೆ 2×2 ಮ್ಯಾಟ್ರಿಕ್ಸ್‌ಗಳ ಗ್ರೂಪಿನ ಒಂದು ರೆಪ್ರೆಸೆಂಟೇಶನ್ ಉಂಟು, ಅದು ಅನಂತ ಆಯಾಮದ್ದು.

ಇಲ್ಲೇ ಇರುವುದು ಸೋಜಿಗ. ಟೌನ ಮೊದಲ ನೂರು ಅವಿಭಾಜ್ಯಗಳ ಬೆಲೆ ಅಳಿಸಿಬಿಡಿ, ಉಳಿದದ್ದು ಇರಲಿ. ರೆಪ್ರೆಸೆಂಟೇಶನ್ ಯಾವುದೆಂದು ಆಗಲೂ ಹೇಳಬಹುದು. ಕಸ್ಪಿಡಲ್ ಎಂಬ ಜಾತಿಯ ಎರಡು ರೆಪ್ರೆಸೆಂಟೇಶನ್‌ಗಳು ಬೆರಳೆಣಿಕೆಯಷ್ಟನ್ನಲ್ಲ, ಲಕ್ಷ ಅವಿಭಾಜ್ಯಗಳನ್ನು ಬಿಟ್ಟು ಉಳಿದೆಡೆ ಹೊಂದಿದರೂ ಅವು ಒಂದೇ. ಬಿಟ್ಟದ್ದಕ್ಕೆ ಕೊನೆ ಇದ್ದರಾಯಿತು. ಇದನ್ನು ಸ್ಟ್ರಾಂಗ್ ಮಲ್ಟಿಪ್ಲಿಸಿಟಿ ಒನ್ ಎನ್ನುತ್ತಾರೆ. n×n ಮ್ಯಾಟ್ರಿಕ್ಸ್‌ಗಳ ಗ್ರೂಪಿಗೆ ಈ ಭರವಸೆ ಉಂಟು, ಎಲ್ಲ ಗ್ರೂಪಿಗೂ ಇಲ್ಲ.

ಒಂದೇ ಅವಿಭಾಜ್ಯದ ಬಳಿ ನಿಂತರೆ ಕತೆ ಬೇರೆ ಮಾರಾಯ್ರೆ. 2×2 ಅಥವಾ ಅದಕ್ಕಿಂತ ದೊಡ್ಡ ಗ್ರೂಪಿನಲ್ಲಿ ಸೂಪರ್‌ಕಸ್ಪಿಡಲ್ ಎಂಬವು ಇವೆ. ಅವುಗಳ ಎಲ್-ಫಂಕ್ಷನ್ ಬರೀ 1, ಅದರಿಂದ ಗುರುತು ಸಿಗದು. ಬಸ್ಸಿನಲ್ಲಿ ಪಕ್ಕದವರು ಬಾಯಿಯೇ ಬಿಡದಿದ್ದರೆ ನಾವು ತುಳುವಿನಲ್ಲೊಮ್ಮೆ, ಮಲಯಾಳದಲ್ಲೊಮ್ಮೆ ಮಾತಾಡಿಸಿ ಊರು ಯಾವುದೆಂದು ಅಂದಾಜು ಮಾಡುತ್ತೇವಲ್ವಾ? ಗಣಿತಜ್ಞರದ್ದೂ ಅದೇ ಉಪಾಯ. ಚಿಕ್ಕ ಗ್ರೂಪಿನ ರೆಪ್ರೆಸೆಂಟೇಶನ್‌ಗಳನ್ನು ಒಂದೊಂದಾಗಿ ಜೋಡಿಸಿ, ಪ್ರತಿ ಸಲ ಹುಟ್ಟುವ ಎಪ್ಸಿಲಾನ್ ಫ್ಯಾಕ್ಟರ್ ಎಂಬ, ಎಲ್-ಫಂಕ್ಷನ್‌ನ ಸಂಗಾತಿಯನ್ನು ಬರೆದಿಡುತ್ತಾರೆ. ಆ ಪಟ್ಟಿಯಿಂದ ಗುರುತು ಸಿಗುತ್ತದೆ. ಹೀಗೆ ಎಷ್ಟು ದೊಡ್ಡವನ್ನು ಜೋಡಿಸಬೇಕು? n×nಗೆ n/2ರವರೆಗೆ ಸಾಕು ಎಂದು ಫ್ರೆಂಚ್ ಗಣಿತಜ್ಞ ಜಾಕೆ ಊಹಿಸಿದ್ದರು. ಅದು ಸಾಬೀತಾದದ್ದು ಕಳೆದ ದಶಕದಲ್ಲಷ್ಟೇ. 5×5 ಆದರೆ 1 ಮತ್ತು 2 ಜೋಡಿಸಿದರೆ ಮುಗಿಯಿತು.